ಪೀಠದ ಮೇಲಿನ ಎರಡು ಸಾಲು

ಪುರಾತನ ವಸ್ತುಗಳನ್ನು ನೋಂದಾಯಿಸುವ ಕಚೇರಿಯಲ್ಲಿ ಗುಮಾಸ್ತೆ ಚಂಪಾವತಿ ಒಬ್ಬಳೇ ಇದ್ದಳು. ಮಲ್ಲೇಶಪ್ಪ ಧಣಿ ಇಬ್ಬರು ಆಳುಗಳೊಂದಿಗೆ ಬಂದು, ಕಂಚಿನ ತೀರ್ಥಂಕರ ಮೂರ್ತಿಯೊಂದನ್ನು ಮೇಜಿನ ಮೇಲಿಟ್ಟ. ಒಬ್ಬ ಆಳು ಬಾಗಿಲಿಗೆ ಅಗಳಿ ಹಾಕಿದ.

“ಇದು ನಮ್ಮ ಮನೆತನದ್ದು ಅಂತ ಬರೆದು ಮುದ್ರೆ ಒತ್ತು. ಅಲ್ಲೀತನಕ ಈ ಬಾಗಿಲು ತೆರೆಯೋದಿಲ್ಲ.”

ಕದ್ದ ಮಾಲು ಎಂದು ಅವಳಿಗೆ ಗೊತ್ತಾಯಿತು. ಪೀಠದ ಮೇಲೆ, ಧಣಿಗೆ ಓದಲು ಬಾರದ ಹಳಗನ್ನಡದಲ್ಲಿ, ಎರಡು ಸಾಲುಗಳಿದ್ದವು. ಮನಸ್ಸಿನಲ್ಲೇ ಓದಿಕೊಂಡಳು.

“ಈ ಬರಹ ಯಾರದು ಅಂತ ಮೇಲಿನವರು ಕೇಳ್ತಾರೆ, ಧಣಿ.”

“ನಮ್ಮ ಹಿರಿಯರದು!”

“ಹಾಗಾದರೆ ‘ಇದು ನಮ್ಮ ಹಿರಿಯರ ಮಾತು, ನಾವು ಇದಕ್ಕೆ ಬದ್ಧ’ ಅಂತ ನೀವೇ ಬರೆದು ಸಹಿ ಹಾಕಿ.”

ಅವನು ಹಾಕಿದ. ಅವಳು ಅದನ್ನು ಸ್ಕ್ಯಾನ್ ಮಾಡಿ ಮೇಲಿನ ಕಚೇರಿಗೆ ಕಳಿಸಿದಳು. ಆಮೇಲೆ ಪೀಠದ ಸಾಲುಗಳನ್ನು ಓದಿ ಅರ್ಥ ಹೇಳಿದಳು:

“ಈ ಮೂರ್ತಿಯನ್ನು ಬಸದಿಗೆ ಕೊಟ್ಟೆವು. ನಮ್ಮ ವಂಶದವರು ಯಾರೂ ಇದನ್ನು ಮರಳಿ ಕೇಳಬಾರದು.”

ಧಣಿ ಕಾಗದವನ್ನು ಹರಿದು ಚೂರು ಮಾಡಿದ. ಆಳುಗಳು ಮುಂದೆ ಬಂದರು. ಅವಳು ಗೋಡೆಗೆ ಒರಗಿದಳು.

“ಅದರ ಪ್ರತಿ ಆಗಲೇ ಮೇಲಿನ ಕಚೇರಿಗೆ ಮುಟ್ಟಿದೆ, ಧಣಿ. ಮೂರ್ತಿ ಇಟ್ಟುಕೊಂಡರೆ ಜೈಲು. ಹಿರಿಯರ ಮಾತಿನಂತೆ ಬಸದಿಗೆ ಮರಳಿಸಿದರೆ ಅಲ್ಲಿ ನಿಮಗೆ ಹಾರ.”

ಧಣಿ ಆಳುಗಳನ್ನು ಹಿಂದೆ ಸರಿಸಿದ. ಆಮೇಲೆ ಆಳಿಗೆ ಅಗಳಿ ತೆಗೆಯಲು ಸನ್ನೆ ಮಾಡಿ ಕೇಳಿದ:

“ಹಾರ ಯಾವತ್ತು ಹಾಕ್ತಾರೆ?”