ಜೇನುಪೆಟ್ಟಿಗೆಯ ಎರಡು ಹಲಗೆಗಳು

ಹಳೆಯ ಬಾಗಿಲಿನ ಸಾಗುವಾನಿ ಹಲಗೆಗೆ ಪ್ಲೈವುಡ್ ಸೇರಿಸಿ ಮೊಳೆ ಹೊಡೆದ ಜೇನುಪೆಟ್ಟಿಗೆಯೊಂದು ಹಿತ್ತಲಲ್ಲಿತ್ತು. ಎರಡೂ ಮುನಿಸಿಕೊಂಡು ನಡುವೆ ಬೆರಳಗಲ ಸಂದು ಬಿಟ್ಟಿದ್ದವು.

ಮನೆ ಹುಡುಕುತ್ತ ಬಂದ ಜೇನುನೊಣ ಬೇಡಿಕೊಂಡಿತು: "ಸ್ವಲ್ಪ ಒತ್ತಿಕೊಳ್ಳಿ ಅಣ್ಣಂದಿರಾ. ಮಳೆ ಬರುವಂತಿದೆ, ನಮ್ಮ ರಾಣಿ ತುಂಬು ಬಸುರಿ, ಕೊಂಬೆಗೆ ಜೋತುಬಿದ್ದಿದ್ದಾಳೆ."

"ಗೌಡರ ಮನೆಯ ಬಾಗಿಲಾಗಿದ್ದವನು ನಾನು. ಈ ಅಂಟಿನ ಮುದ್ದೆಗೆ ಮೈ ತಾಗಿಸಲೇ?" ಎಂದಿತು ಸಾಗುವಾನಿ.

"ಗೆದ್ದಲು ತಿಂದುಬಿಟ್ಟ ಮುದುಕನಿಗೆ ನಾನೇಕೆ ಒರಗಲಿ?" ಎಂದಿತು ಪ್ಲೈವುಡ್.

"ಒಳಗೆಲ್ಲ ಕತ್ತಲೆ ಕಣ್ರಪ್ಪಾ! ಅಲ್ಲಿ ನಿಮ್ಮ ಮುಖ ನೋಡುವವರು ಯಾರು?" ಎಂದು ಗದರಿ ನೊಣ ಹಾರಿಹೋಯಿತು. ಹನಿ ಬೀಳುವ ಮೊದಲೇ ಇಡೀ ಬಳಗ ಬೇಲಿಯ ಬಳಿ ಬೋರಲು ಬಿದ್ದ ಮಡಕೆಯೊಳಗೆ ಸೇರಿತು.

"ಆ ಮಸಿ ಮಡಕೆಯಲ್ಲೇನು ಕಂಡೆ?" ಹಲಗೆಗಳೆರಡೂ ಜೇನುನೊಣವನ್ನು ಕೂಗಿ ಕೇಳಿದವು.

"ಅದು ತಾನು ಯಾರೆಂದು ಹೇಳಲಿಲ್ಲ. ನೀವೆಷ್ಟು ಜನ ಎಂದು ಕೇಳಿತು."