ಒಂಟಿ ತೋಳಿನ ಸ್ವೆಟರು

ಮಗಳು ಇಂಚರಳಿಗೆಂದು ವಾರಿಜಾ ಹೆಣೆಯತೊಡಗಿದ್ದ ಸ್ವೆಟರು ಒಂದೇ ತೋಳಿಗೆ ನಿಂತು ಮೂರು ವರ್ಷವಾಗಿತ್ತು. ಅದನ್ನು ಹೊತ್ತು ಬುಟ್ಟಿಯಲ್ಲಿ ಬಿದ್ದಿದ್ದ ಹೆಣಿಗೆ ಕಡ್ಡಿಗಳು, ಒಲೆಯ ಮೇಲೆ ಕುದಿಯುತ್ತಿದ್ದ ಬಣ್ಣದ ಪಾತ್ರೆಯ ಮೇಲೆ ರೇಗಿದವು.

“ನಾಚಿಕೆ ಆಗಲ್ವಾ ನಿನಗೆ? ಇನ್ನೊಂದೇ ತೋಳು ಬಾಕಿ ಇತ್ತು! ಅದಕ್ಕೆಂದು ಇಟ್ಟಿದ್ದ ಉಣ್ಣೆಯನ್ನೂ ನೀನೇ ನುಂಗಿದೆಯಲ್ಲ!”

“ನನಗ್ಯಾಕೆ ಬೈತೀರಿ? ವಾರಿಜಾಳನ್ನು ನಿಮ್ಮಿಂದ ಮೊದಲು ಕಿತ್ತುಕೊಂಡದ್ದು ಆ ಮಗ್ಗ,” ಎಂದಿತು ಪಾತ್ರೆ.

ಮೂಲೆಯಲ್ಲಿದ್ದ ಮಗ್ಗ ಸಿಡುಕಿತು: “ನನ್ನ ಮೇಲೂ ಗೇಣುದ್ದ ಬಟ್ಟೆ ನೇಯ್ದು ಎದ್ದು ಹೋದಳು. ನೂಲಿನ ಮೇಲೆ ಜೇಡ ಬಲೆ ಕಟ್ಟಿದೆ, ನೋಡು. ನಾಳೆ ನಿನಗೂ ಇದೇ ಗತಿ!”

“ನನಗಾ? ಬಣ್ಣ ಕುದಿಯುವಾಗ ಬಿಟ್ಟು ಏಳೋಕಾಗುತ್ತಾ?” ಎಂದು ಪಾತ್ರೆ ನಕ್ಕಿತು.

ಅಷ್ಟರಲ್ಲಿ ವಾರಿಜಾ ಹೊಸ ಚರಕವೊಂದನ್ನು ಎತ್ತಿಕೊಂಡು ಬಂದಳು. ಒಲೆ ಆರಿಸಿದಳು. ಅರ್ಧಂಬರ್ಧ ಬಣ್ಣ ಹಿಡಿದ ಉಣ್ಣೆಯನ್ನು ನೀರಲ್ಲೇ ಬಿಟ್ಟು ಚರಕದ ಮುಂದೆ ಕೂತಳು. ಪಾತ್ರೆಯ ಕುದಿ ಇಳಿಯಿತು.

ಶಾಲೆಯಿಂದ ಬಂದ ಇಂಚರ ಬುಟ್ಟಿಯಲ್ಲಿದ್ದ ಸ್ವೆಟರನ್ನು ಎಳೆದು ಕೈ ತೂರಿಸಿದಳು. ತೋಳು ಮೊಣಕೈವರೆಗೂ ಬರಲಿಲ್ಲ.

“ಅಮ್ಮಾ, ಇದು ಯಾವ ಪಾಪುಗೆ?”