ಅತ್ತರು ಹಚ್ಚಿದ ಗಾಯ

ನಮ್ಮ ಒಳಗನ್ನು ನಮಗಿಂತ ಚೆನ್ನಾಗಿ ಬಲ್ಲ ಆ ಕರುಣಾಳುವಿಗೆ ಕೈಮುಗಿದು ಹೇಳುತ್ತೇನೆ.

ಒಬ್ಬ ಶಿಷ್ಯ ಕೇಳಿದ: "ಗುರುಗಳೇ, ಅಣ್ಣನ ಮೇಲೆ ನನಗೊಂದು ಹಳೆಯ ದ್ವೇಷವಿದೆ. ಇದನ್ನು ಒಳಗಿಟ್ಟುಕೊಂಡು ದೇವರ ಮುಂದೆ ಕೂರಲು ನಾಚಿಕೆ. ಇದು ಹೋದ ಮೇಲೆ ಪ್ರಾರ್ಥನೆಗೆ ಕೂತರೆ ಆಗದೇ?"

ಗುರುಗಳು ಹೇಳಿದರು:

ಒಬ್ಬ ಅತ್ತರಿನ ವ್ಯಾಪಾರಿ ಇದ್ದ. ಆಸ್ಪತ್ರೆಯಲ್ಲಿ ಅವನ ಹೊಟ್ಟೆಗೆ ಶಸ್ತ್ರಚಿಕಿತ್ಸೆ ಆಯಿತು. ಹೊಲಿಗೆ ಹಾಕಿದ ಜಾಗದಲ್ಲಿ ಕೀವು ಕಟ್ಟಿತು, ಜ್ವರ ಇಳಿಯಲಿಲ್ಲ. ವೈದ್ಯರು ಹತ್ತಿಯಿಂದ ಕೀವು ಒರೆಸಿ ಪರೀಕ್ಷೆಗೆ ಕಳಿಸಿದರು. ಯಾವ ಕ್ರಿಮಿಯೂ ಬೆಳೆಯಲಿಲ್ಲ ಎಂದು ಉತ್ತರ ಬಂತು. ಕೊಟ್ಟ ಔಷಧಿ ನಾಟಲಿಲ್ಲ.

ಗಾಯ ನಾರುತ್ತಿತ್ತು. ಊರಿಗೆಲ್ಲ ಪರಿಮಳ ಹಂಚಿದವನಿಗೆ ಅದನ್ನು ಸಹಿಸಲಾಗಲಿಲ್ಲ. ವೈದ್ಯರು ಬರುವ ಹೊತ್ತಿಗೆ ಸರಿಯಾಗಿ ಹೆಂಡತಿಯ ಕೈಯಿಂದ ಪಟ್ಟಿಯ ಮೇಲೆ ಅತ್ತರು ಹಾಕಿಸಿಕೊಳ್ಳುತ್ತಿದ್ದ.

"ಹೇಳಿಬಿಡೋಣ ಕಣ್ರೀ," ಎಂದಳು ಅವಳು.

"ಅಷ್ಟು ದೊಡ್ಡ ಡಾಕ್ಟರು ನನ್ನೆದುರು ಮೂಗು ಮುಚ್ಚಿಕೊಂಡರೆ, ಆಮೇಲೆ ಯಾವ ಮುಖ ಹೊತ್ತು ಅಂಗಡಿಯಲ್ಲಿ ಕೂರಲಿ? ನೀನು ಸುಮ್ಮನೆ ಸೀಸೆ ಕೊಡು."

ಒಂದು ಬೆಳಿಗ್ಗೆ ಅವನು ಹೆಂಡತಿಯನ್ನೇ ಯಾರೋ ಗಿರಾಕಿ ಎಂದುಕೊಂಡು ಮಾತನಾಡಿಸಿದ. ಜ್ವರ ತಲೆಗೇರಿತ್ತು. ಇವರ ಮಾನ ಉಳಿಸಲು ಹೋಗಿ ಇವರನ್ನೇ ಕಳೆದುಕೊಳ್ಳುತ್ತೇನಲ್ಲ ಎಂದು ಹೆಂಡತಿ ಅಂದುಕೊಂಡಳು. ದೇವರನ್ನು ನೆನೆದು ಸೀಸೆಯನ್ನು ಸೆರಗಿನಲ್ಲಿ ಕಟ್ಟಿಕೊಂಡಳು. ವೈದ್ಯರು ಬಂದಾಗ, "ಗಾಯ ನಾರುತ್ತಿದೆ ಸ್ವಾಮಿ. ಇಷ್ಟು ದಿನ ನಾವೇ ಮುಚ್ಚಿಟ್ಟೆವು," ಎಂದಳು.

ವೈದ್ಯರು ಮೂಗು ಮುಚ್ಚಿಕೊಳ್ಳಲಿಲ್ಲ. ಬಗ್ಗಿ ಮೂಸಿ ನೋಡಿದರು.

"ನನ್ನದೂ ತಪ್ಪಿದೆ ತಾಯಿ," ಎಂದರು. "ಇದು ಗಾಳಿಯಾಡದ ಆಳದಲ್ಲಿ ಬದುಕುವ ಕ್ರಿಮಿ. ಗಾಳಿ ಸೋಕಿದರೆ ಸಾಯುತ್ತದೆ. ಹತ್ತಿಯಲ್ಲಿ ಒರೆಸಿ ಕಳಿಸಿದ್ದು ದಾರಿಯಲ್ಲೇ ಸತ್ತಿರಬೇಕು. ಈ ವಾಸನೆಯೇ ಅದರ ಗುರುತು."

ಆಳದ ಕೀವನ್ನು ಗಾಳಿ ತಾಗದಂತೆ ಸೂಜಿಯಿಂದ ಎಳೆದು ಮತ್ತೆ ಪರೀಕ್ಷೆಗೆ ಕಳಿಸಿದರು. ಉತ್ತರಕ್ಕೆ ಕಾಯದೆ ಆ ಕ್ರಿಮಿಗೆ ತಕ್ಕ ಔಷಧಿ ಶುರುಮಾಡಿದರು. ಹೊಲಿಗೆ ಬಿಚ್ಚಿ, ಕೀವು ಹರಿಸಿ, ಗಾಯವನ್ನು ತೆರೆದೇ ಇಟ್ಟರು. ದೇವರ ದಯೆ, ಜ್ವರ ಇಳಿಯಿತು.

ಎಚ್ಚರಾದ ವ್ಯಾಪಾರಿ ಮೊದಲು ಕೇಳಿದ್ದು, "ಡಾಕ್ಟರಿಗೆ ಗೊತ್ತಾಗಿಹೋಯಿತೇನೆ?"

"ಗೊತ್ತಾಗಿದ್ದಕ್ಕೇ ನೀವು ಈಗ ಕೇಳ್ತಾ ಇದ್ದೀರಿ," ಎಂದಳು ಹೆಂಡತಿ.

ಗುರುಗಳು ಕತೆ ನಿಲ್ಲಿಸಿ ಶಿಷ್ಯನನ್ನು ನೋಡಿದರು.

"ಗಾಯ ಮಾಯಲಿ, ಆಮೇಲೆ ವೈದ್ಯರನ್ನು ಕರೆಯೋಣ ಎಂದು ಕೂತಿದ್ದೀಯಲ್ಲ, ಮಗು."



ಇದನ್ನು ಕೇಳಿದವರ ನೋವು ಎಷ್ಟೇ ಆಳದಲ್ಲಿರಲಿ, ಆ ಕರುಣಾಳುವಿನ ಕೈ ಅಲ್ಲಿಯವರೆಗೂ ಮುಟ್ಟಲಿ. ಎಲ್ಲರಿಗೂ ಒಳ್ಳೆಯದಾಗಲಿ.